ಎರಡು ತೂತು ಸರಿಸೋಕೆ

2023ರ ಆಗಸ್ಟ್. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಹೊರಗೆ ಬಂದು ನೋಡಿದರೆ ಹೊಳಲ್ಕೆರೆಯಿಂದ ಮೂರು ಮಿಸ್ಡ್ ಕಾಲ್. ಊರಿಂದ ಮೂರು ಸಲ ಫೋನ್ ಬಂತು ಅಂದ್ರೆ ಎದೆ ಧಸಕ್ ಅನ್ನುತ್ತೆ, ನಿಮಗೂ ಗೊತ್ತಿರುತ್ತೆ. ವಾಪಸ್ ಮಾಡಿದೆ.

"ಅಣ್ಣಾ, ಅಪ್ಪನ ಬೋರ್ಡಿಗೆ ಹಳೇ ರಿಲೇ ಎಲ್ಲೂ ಸಿಗ್ತಾ ಇಲ್ಲ. ಹೊಸಾದ್ರ ಕಾಲು ಬೋರ್ಡಲ್ಲಿ ಕೂರಲ್ಲ. ಎರಡು ತೂತು ಸ್ವಲ್ಪ ಆಚೆ ಸರಿಸಿದ್ರೆ ಆಯ್ತು, ಅಷ್ಟೇ ಕೆಲ್ಸ ಐತೆ. ಆವಾಗ ಡ್ರಾಯಿಂಗ್ ಮಾಡ್ಕೊಟ್ಟಿದ್ದು ನೀನೇ ಅಲ್ವಾ?"

ಹೌದು, ನಾನೇ.

ಫೋನ್ ಮಾಡಿದವನು ಟಿವಿ ಮಾಮನ ಮಗ. ಟಿವಿ ಮಾಮ ನಮಗೆ ರಕ್ತಸಂಬಂಧಿ ಅಲ್ಲ. ಹೊಳಲ್ಕೆರೆಯಲ್ಲಿ ರೇಡಿಯೊ, ಟಿವಿ, ಆಮೇಲೆ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡಿಕೊಂಡಿದ್ದವರು. ನಾನು ಶಾಲೆ ಬಿಟ್ಟ ಮೇಲೆ ಅವರ ಅಂಗಡಿಯ ಸ್ಟೂಲ್ ಮೇಲೆ ಕೂತು ಸೋಲ್ಡರ್ ಹೊಗೆ ಕುಡಿದು ಎಲೆಕ್ಟ್ರಾನಿಕ್ಸ್ ಕಲಿತೆ. ಇಂಜಿನಿಯರಿಂಗ್ ಸೇರಿದ್ದು ಅದಾದ ಮೇಲೆ.

ಮಾಮ ಒಂದು ಪುಟ್ಟ ಬೋರ್ಡು ಮಾಡ್ತಿದ್ದರು. ತ್ರೀ ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಹೋದರೆ ಮೋಟರು ಸುಟ್ಟು ಹೋಗುತ್ತೆ. ಬೋರಿನಲ್ಲಿ ನೀರು ತಳ ಕಂಡ ಮೇಲೂ ಓಡುತ್ತಿದ್ದರೆ ಆಗಲೂ ಹಾಳಾಗುತ್ತೆ. ನೀರಿಲ್ಲದೆ ಓಡುವ ಮೋಟರು ಎಳೆಯುವ ಕರೆಂಟು ಕಮ್ಮಿ ಆಗುತ್ತೆ. ಬೋರ್ಡು ಇವೆರಡನ್ನೂ ಗಮನಿಸಿ, ರಿಲೇ ಬಿಡಿಸಿ, ಸ್ಟಾರ್ಟರಿನ ಕಾಯಿಲ್‌ಗೆ ಹೋಗುವ ಕರೆಂಟು ಕತ್ತರಿಸುತ್ತೆ. ಕಂಪನಿಗಳ ಇಂಥ ಪೆಟ್ಟಿಗೆಗಳು ಆಗಲೂ ಇದ್ದವು, ಈಗಲೂ ಇವೆ. ಆದರೆ ಮಾಮನ ಬೋರ್ಡು ಅಗ್ಗ. ಕೆಟ್ಟರೆ ಮಾಮನೇ ಸರಿ ಮಾಡಿಕೊಡುತ್ತಿದ್ದರು. ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗಿನ ತೋಟ, ಹಿರಿಯೂರಿನ ಕಡೆಯ ಕೆಲವು ಹೊಲ, ಹೀಗೆ ಸುಮಾರು ನೂರೈವತ್ತು ಪಂಪ್‌ಮನೆಗಳಲ್ಲಿ ಅದು ಗೋಡೆಗೆ ನೇತುಹಾಕಿಕೊಂಡಿತ್ತು.

2011ರಲ್ಲಿ ನಾನು ಚಿತ್ರದುರ್ಗದಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೆ. ಮಾಮ ಕೈಯಲ್ಲಿ ಬರೆಯುತ್ತಿದ್ದ ಬೋರ್ಡನ್ನು ಕಂಪ್ಯೂಟರಿನಲ್ಲಿ ಬರೆದುಕೊಟ್ಟೆ. ಬೆಂಗಳೂರಿನಲ್ಲಿ ಇನ್ನೂರು ಬೋರ್ಡು ಮಾಡಿಸಿದೆವು. ಹಸಿರು ಬಣ್ಣ, ಬಿಳಿ ಅಕ್ಷರ. ಮಾಮ ಅದನ್ನು ಮದುವೆ ಫೋಟೊ ಥರ ತಿರುಗಿಸಿ ತಿರುಗಿಸಿ ನೋಡಿದ್ದರು. "ನನ್ಗೂ ಒಂದು ಕಾಪಿ ಇರ್ಲಪ್ಪ, ನಾಳೆ ಬೇಕಾಗ್ತೈತೆ" ಅಂದರು. ಒಂದು ಸಿಡಿಯಲ್ಲಿ ಹಾಕಿಕೊಟ್ಟೆ.

ಮಾಮ ಈಗಿಲ್ಲ. ಸಿಡಿ ಇದೆ, ಕೆಟ್ಟಿಲ್ಲ. ಫೈಲುಗಳೂ ಒಂದು ಬಿಟ್ ಆಚೀಚೆ ಆಗದೆ ಹಾಗೇ ಇವೆ. ಆದರೆ ತೆರೆಯೋಕೆ ಆಗಲ್ಲ.

ಯಾಕೆ ಅಂತ ಹೇಳೋಕೆ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಅದಕ್ಕೂ ಮುಂಚೆ ಸ್ವಲ್ಪ ಇತಿಹಾಸ.

*

ರೇಡಿಯೊ ಒಳಗಿನ ವೈರುಗಳ ಜಡೆಯ ಬದಲು ತಾಮ್ರದ ಗೆರೆಗಳನ್ನು ಹಲಗೆಯ ಮೇಲೆ 'ಮುದ್ರಿಸಬಹುದು' ಅಂತ ತೋರಿಸಿದವರಲ್ಲಿ ದೊಡ್ಡ ಹೆಸರು ಪಾಲ್ ಐಸ್ಲರ್ ಅವರದು. ವಿಯೆನ್ನಾದ ಯಹೂದಿ ಇಂಜಿನಿಯರ್. 1936ರಲ್ಲಿ ಲಂಡನ್ನಿಗೆ ಬಂದು, ಇಂಥ ಹಲಗೆ ಹಾಕಿದ ಒಂದು ರೇಡಿಯೊ ಮಾಡಿದರು. ಅವರು ಅದಕ್ಕೂ ಮುಂಚೆ ಮುದ್ರಣದ ಕೆಲಸದಲ್ಲೂ ಇದ್ದವರು. ನಾವು ಇವತ್ತಿಗೂ ಇದನ್ನು 'ಪ್ರಿಂಟೆಡ್' ಸರ್ಕ್ಯೂಟ್ ಬೋರ್ಡ್, ಪಿಸಿಬಿ, ಅಂತಲೇ ಕರೆಯೋದು.

ಮುದ್ರಿಸಬೇಕಾದರೆ ಮೊದಲು ಯಾರಾದರೂ ಬರೆಯಬೇಕಲ್ಲ? ದಶಕಗಳ ಕಾಲ ಅದು ಕೈಕೆಲಸ. ಕೆಳಗಿನಿಂದ ಬೆಳಕು ಬರುವ ಮೇಜು, ಅದರ ಮೇಲೆ ಪಾರದರ್ಶಕ ಹಾಳೆ, ಅದರ ಮೇಲೆ ಕಪ್ಪು ಟೇಪು. ನಿಜವಾದ ಅಳತೆಗಿಂತ ಎರಡು ಪಟ್ಟು, ನಾಲ್ಕು ಪಟ್ಟು ದೊಡ್ಡದಾಗಿ ಅಂಟಿಸಿ, ಆಮೇಲೆ ಕ್ಯಾಮೆರಾದಿಂದ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ಎರಡು ಪದರದ ಬೋರ್ಡಾದರೆ ಒಂದು ಬದಿಗೆ ಕೆಂಪು ಟೇಪು, ಇನ್ನೊಂದು ಬದಿಗೆ ನೀಲಿ. ಇವತ್ತಿಗೂ ಹಲವು ಪಿಸಿಬಿ ಸಾಫ್ಟ್‌ವೇರ್‌ಗಳಲ್ಲಿ ಮೇಲಿನ ಪದರ ಕೆಂಪು, ಕೆಳಗಿನದು ನೀಲಿ ಇರುತ್ತೆ, ನೋಡಿ. ಆ ಟೇಪಿನ ನೆನಪು ಇನ್ನೂ ಹೋಗಿಲ್ಲ.

ಹೊಳಲ್ಕೆರೆಯಲ್ಲಿ ಬೆಳಕಿನ ಮೇಜು ಎಲ್ಲಿಂದ ಬರಬೇಕು? ಮಾಮ ತಾಮ್ರದ ಹಾಳೆ ಅಂಟಿಸಿದ ಹಲಗೆಯ ಮೇಲೆ ತೆಳು ಬ್ರಷ್‌ನಿಂದ ಎನಾಮಲ್ ಪೇಂಟಿನ ಗೆರೆ ಎಳೆಯುತ್ತಿದ್ದರು. ಒಣಗಿದ ಮೇಲೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಫೆರಿಕ್ ಕ್ಲೋರೈಡ್ ನೀರಿಗೆ ಹಾಕಿ ಅಲ್ಲಾಡಿಸೋದು. ಪೇಂಟ್ ಇಲ್ಲದ ಕಡೆಯ ತಾಮ್ರವೆಲ್ಲ ಕರಗುತ್ತೆ, ಪೇಂಟ್ ಕೆಳಗಿನದು ಉಳಿಯುತ್ತೆ. ಅಲ್ಲಾಡಿಸುವ ಕೆಲಸ ನನ್ನದು. ಕೈಯೆಲ್ಲಾ ಹಳದಿ ಕಲೆ, ಮನೆಯಲ್ಲಿ ಬೈಗುಳ. ಆ ಬೋರ್ಡು ನೋಡೋಕೆ ಚೆಂದ ಇರಲಿಲ್ಲ. ಆದರೆ ಒಂದು ವಿಷಯ ಗಮನಿಸಿ: ಎರಡು ತೂತು ಸರಿಸಬೇಕು ಅಂದಿದ್ದರೆ ಮಾಮ ಮುಂದಿನ ಬೋರ್ಡಿನಲ್ಲಿ ಬ್ರಷ್ಷನ್ನು ಎರಡು ಮಿಲಿಮೀಟರ್ ಆಚೆ ಎಳೆಯುತ್ತಿದ್ದರು. ಮುಗೀತು.

*

1980ರ ದಶಕದಲ್ಲಿ ಪಿಸಿ ಬಂತು. ಅದರ ಹಿಂದೆಯೇ ಟೇಪಿನ ಕೆಲಸವನ್ನು ಪರದೆಗೆ ತಂದ ಪ್ರೋಗ್ರಾಮುಗಳೂ ಬಂದವು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1985ರಲ್ಲಿ ಪ್ರೊಟೆಲ್ ಶುರುವಾಯಿತು. ಅದೇ ಇವತ್ತಿನ ಆಲ್ಟಿಯಮ್. ಜರ್ಮನಿಯ ಕ್ಯಾಡ್‌ಸಾಫ್ಟ್ 1988ರಲ್ಲಿ ಈಗಲ್ ತಂದಿತು. ಹೆಸರು ಹದ್ದಿನದು ಅನಿಸಿದರೂ ಅದು ಜರ್ಮನ್ ಪದಗಳ ಮೊದಲಕ್ಷರಗಳ ಗುಚ್ಛ. ಸುಲಭವಾಗಿ ಬಳಸಬಹುದಾದ ಲೇಔಟ್ ಎಡಿಟರ್ ಅನ್ನೋ ಅರ್ಥ.

ಇವೆಲ್ಲ ಕೊನೆಗೆ ಕಾರ್ಖಾನೆಗೆ ಕೊಡೋದು ಗರ್ಬರ್ ಅನ್ನೋ ಫೈಲು. ಜೋಸೆಫ್ ಗರ್ಬರ್ ಕೂಡ ವಿಯೆನ್ನಾದವರೇ. ನಾಜಿಗಳಿಂದ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದವರು. ಅವರ ಕಂಪನಿಯ ಯಂತ್ರಗಳು ಫಿಲ್ಮಿನ ಮೇಲೆ ಬೆಳಕಿನಿಂದ ಗೆರೆ ಬರೆಯುತ್ತಿದ್ದವು. ಆ ಯಂತ್ರಕ್ಕೆ ಕೊಡುತ್ತಿದ್ದ ಆಜ್ಞೆಗಳ ಭಾಷೆಯೇ ಗರ್ಬರ್. ಇಲ್ಲಿಂದ ಅಲ್ಲಿಗೆ ಹೋಗು, ಗೆರೆ ಎಳೆ, ಇಲ್ಲೊಂದು ಚುಕ್ಕೆ ಇಡು. ಈ ಭಾಷೆಯ ವಿವರ ಎಲ್ಲರಿಗೂ ತೆರೆದಿದೆ, ಯಾವ ಕಾರ್ಖಾನೆಯಾದರೂ ಓದುತ್ತೆ. ಹಾಗಾಗಿಯೇ ಮಾಮನ ಸಿಡಿಯಲ್ಲಿದ್ದ ಗರ್ಬರ್‌ನಿಂದ ಅದೇ ಹಳೇ ಬೋರ್ಡನ್ನು ಇವತ್ತೂ ಎಷ್ಟು ಬೇಕಾದರೂ ಮಾಡಿಸಬಹುದು.

ಆದರೆ ಗರ್ಬರ್‌ಗೆ ರಿಲೇ ಅಂದ್ರೆ ಏನು ಅಂತ ಗೊತ್ತಿಲ್ಲ. ಯಾವ ಕಾಲು ಯಾವುದಕ್ಕೆ ಸೇರಬೇಕು ಅಂತಲೂ ಗೊತ್ತಿಲ್ಲ. ಅದು ಬೆಂದ ಅನ್ನ. ಬಡಿಸಬಹುದು, ಮತ್ತೆ ಅಕ್ಕಿ ಮಾಡೋಕಾಗಲ್ಲ. ಬದಲಾಯಿಸಬೇಕಾದರೆ ಮೂಲ ನಕ್ಷೆ ಬೇಕು. ಸರ್ಕ್ಯೂಟಿನ ಚಿತ್ರ, ಬಿಡಿಭಾಗಗಳ ಅಳತೆ, ಯಾವುದಕ್ಕೆ ಯಾವುದು ಸೇರಿದೆ ಅನ್ನೋ ಲೆಕ್ಕ ಎಲ್ಲಾ ಇರೋ ಫೈಲು. ಆ ಫೈಲು ಒಂದೊಂದು ಕಂಪನಿಯದು ಒಂದೊಂದು ಥರ.

ಈಗ ತಪ್ಪೊಪ್ಪಿಗೆ. 2011ರಲ್ಲಿ ನಾನು ಬಳಸಿದ್ದು ಕದ್ದ ಸಾಫ್ಟ್‌ವೇರ್. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಬಂದ ಸಿಡಿ, ಜೊತೆಗೊಂದು 'ಕ್ರ್ಯಾಕ್' ಫೋಲ್ಡರ್. ಹೆಸರು ಹೇಳಲ್ಲ, ತಪ್ಪು ನನ್ನದು, ಮಾಡಿದವರದ್ದಲ್ಲ. ಅದರ ಒಂದು ಲೈಸೆನ್ಸಿನ ಬೆಲೆಯಲ್ಲಿ ಮಾಮನ ಅಂಗಡಿಯ ಸಾಮಾನೆಲ್ಲಾ ಕೊಳ್ಳಬಹುದಿತ್ತು. ನಮ್ಮ ಬ್ಯಾಚಿನಲ್ಲಿ ಯಾರಿಗೂ ಅದು ಕಳ್ಳತನ ಅನಿಸಿರಲಿಲ್ಲ. 'ದೊಡ್ಡ ಕಂಪನಿಯವರು ಬಳಸೋದು ಇದನ್ನೇ, ಕಲಿತರೆ ಕೆಲಸ ಸಿಗುತ್ತೆ' ಅನ್ನೋದಷ್ಟೇ ತಲೇಲಿದ್ದಿದ್ದು. ನಿಮ್ಮಲ್ಲೂ ಕೆಲವರು ಈಗ ಮೆಲ್ಲಗೆ ನಗುತ್ತಿರಬಹುದು.

ಆ ಲ್ಯಾಪ್‌ಟಾಪ್ ಸತ್ತು ವರ್ಷಗಳಾದವು. ಆ ಹಳೇ ಆವೃತ್ತಿ ಇವತ್ತಿನ ವಿಂಡೋಸ್‌ನಲ್ಲಿ ಓಡಲ್ಲ. ಓಡಿದರೂ ಇವತ್ತು ನಾನದನ್ನು ಹಾಕಲ್ಲ. ಮಾಮನಿಗೆ 'ಕಾಪಿ' ಅಂತ ನಾನು ಕೊಟ್ಟಿದ್ದು ಬೀಗ ಹಾಕಿದ ಪೆಟ್ಟಿಗೆ, ಅದೂ ನನ್ನದಲ್ಲದ ಬೀಗದ ಕೈಯನ್ನು ನನ್ನ ಜೇಬಲ್ಲೇ ಇಟ್ಟುಕೊಂಡು.

*

ಕದಿಯೋ ಅಗತ್ಯ ಇರಲಿಲ್ಲ ಅನ್ನೋದು ಇನ್ನೂ ಬೇಜಾರಿನ ವಿಷಯ. ಆಗಲೂ ಎರಡು ದಾರಿ ಇದ್ದವು.

ಮೊದಲನೆಯದು ಬಿಟ್ಟಿಯ ದಾರಿ. ಈಗಲ್‌ಗೆ ದುಡ್ಡು ಕೊಡದೆ ಬಳಸುವ ಆವೃತ್ತಿ ಇತ್ತು. 100 × 80 ಮಿಲಿಮೀಟರ್‌ಗಿಂತ ದೊಡ್ಡ ಬೋರ್ಡು ಮಾಡೋ ಹಾಗಿಲ್ಲ, ಎರಡೇ ಪದರ, ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಹವ್ಯಾಸಿಗಳಿಗೆ ಅಷ್ಟು ಧಾರಾಳ ಸಾಕು. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ ತನ್ನ ಬೋರ್ಡಿನ ವಿನ್ಯಾಸವನ್ನು ಎಲ್ಲರಿಗೂ ಹಂಚಿದ್ದು ಈಗಲ್ ಫೈಲುಗಳಲ್ಲೇ. ಅದನ್ನು ನೋಡಿ ಕಲಿತ ಒಂದು ತಲೆಮಾರಿಗೆ ಪಿಸಿಬಿ ಅಂದ್ರೆ ಈಗಲ್.

ಆಮೇಲೆ ಮಾಲೀಕರು ಬದಲಾದರು. 2009ರಲ್ಲಿ ಪ್ರೀಮಿಯರ್ ಫಾರ್ನೆಲ್, 2016ರಲ್ಲಿ ಆಟೋಡೆಸ್ಕ್. 2017ರ ಜನವರಿಯಿಂದ ಒಂದೇ ಸಲ ಕೊಳ್ಳುವ ಪದ್ಧತಿ ಹೋಗಿ ಚಂದಾ ಪದ್ಧತಿ ಬಂತು. 2023ರ ಜೂನ್‌ನಲ್ಲಿ, ಅಂದರೆ ಮಾಮನ ಮಗ ನನಗೆ ಫೋನ್ ಮಾಡುವ ಎರಡು ತಿಂಗಳ ಮುಂಚೆ, 2026ರ ಜೂನ್ 7ರ ನಂತರ ಈಗಲ್‌ನ ಮಾರಾಟವಾಗಲಿ ಬೆಂಬಲವಾಗಲಿ ಇರುವುದಿಲ್ಲ, ಆ ಕೆಲಸವೆಲ್ಲ ಫ್ಯೂಶನ್ ಒಳಗೆ ಸೇರುತ್ತೆ ಅಂತ ಕಂಪನಿ ಪ್ರಕಟಿಸಿತು. ಇದರಲ್ಲಿ ಮೋಸ ಏನೂ ಇಲ್ಲ. ಅವರ ಅಂಗಡಿ, ಅವರ ಬಾಗಿಲು. ಮೂರು ವರ್ಷ ಮೊದಲೇ ಹೇಳಿದ್ದಾರೆ. ಆದರೆ ನಿಮ್ಮ ನಕ್ಷೆ ಅವರ ಬಾಗಿಲ ಒಳಗಿದ್ದರೆ ಬಾಗಿಲು ಯಾವಾಗ ಮುಚ್ಚಬೇಕು ಅನ್ನೋದು ನಿಮ್ಮ ಕೈಯಲ್ಲಿಲ್ಲ.

ಎರಡನೆಯದು ಮುಕ್ತ ದಾರಿ. ಇಂಗ್ಲಿಷಿನಲ್ಲಿ ಬಿಟ್ಟಿಗೂ ಸ್ವಾತಂತ್ರ್ಯಕ್ಕೂ ಒಂದೇ ಪದ, ಹಾಗಾಗಿ ಅವರು ಪ್ರತೀ ಸಲ ವಿವರಣೆ ಕೊಡಬೇಕು. ನಮಗೆ ಆ ತಾಪತ್ರಯ ಇಲ್ಲ. ಉಚಿತ ಬೇರೆ, ಮುಕ್ತ ಬೇರೆ ಅಂತ ಕಿವಿಗೇ ಗೊತ್ತಾಗುತ್ತೆ. ಪ್ರೋಗ್ರಾಮಿನ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಅಂದರೆ ಅದು ಮುಕ್ತ.

ಈ ದಾರಿಯಲ್ಲಿ ಮೊದಲು ನಡೆದವರು ಒಬ್ಬೊಬ್ಬರೇ. ಜರ್ಮನಿಯ ಥಾಮಸ್ ನಾವ್ 1990ರಲ್ಲಿ ಅಟಾರಿ ಕಂಪ್ಯೂಟರಿಗೆ 'ಪಿಸಿಬಿ' ಅಂತಲೇ ಹೆಸರಿಟ್ಟು ಒಂದು ಪ್ರೋಗ್ರಾಂ ಬರೆದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಾಠ ಮಾಡುತ್ತಿದ್ದ ಜಾನ್ ಪಿಯೆರ್ ಶರಾಸ್ 1992ರಲ್ಲಿ ಕಿಕ್ಯಾಡ್ ಶುರು ಮಾಡಿದರು. 1998ರಲ್ಲಿ ಜಿಇಡಿಎ ಬಂತು. ಒಂದು ಕಂಪನಿಯೂ ಹಿಂದೆ ಇಲ್ಲದೆ, ಒಬ್ಬ ಮೇಷ್ಟ್ರು ಶುರು ಮಾಡಿದ ಪ್ರೋಗ್ರಾಂ ಮೂವತ್ತು ವರ್ಷ ದಾಟಿ ಇನ್ನೂ ಬೆಳೀತಿದೆ.

ಹಾಗಂತ ಅದು ಆಗ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. 2012ರಲ್ಲಿ ಕಿಕ್ಯಾಡ್ ಹಾಕಿ ನೋಡಿದ್ದೆ. ಸರ್ಕ್ಯೂಟ್ ಬರೆಯೋಕೆ ಒಂದು ಕಿಟಕಿ, ಬಿಡಿಭಾಗಕ್ಕೆ ಅಳತೆ ಜೋಡಿಸೋಕೆ ಇನ್ನೊಂದು, ಬೋರ್ಡಿಗೆ ಮತ್ತೊಂದು. ಒಂದರಿಂದ ಒಂದಕ್ಕೆ ನಾವೇ ಫೈಲು ಹೊತ್ತುಕೊಂಡು ಹೋಗಬೇಕು. ಒಂದು ಸಂಜೆಗೇ ಸಾಕಾಗಿ ಕದ್ದದ್ದಕ್ಕೇ ವಾಪಸ್ ಹೋದೆ. ಆ ಸಂಜೆ ಇನ್ನೆರಡು ಗಂಟೆ ತಾಳ್ಮೆ ಇಟ್ಟುಕೊಂಡಿದ್ದರೆ ಈ ಲೇಖನ ಬರೆಯೋ ಪ್ರಸಂಗವೇ ಬರುತ್ತಿರಲಿಲ್ಲ.

ಕಿಕ್ಯಾಡ್‌ನ ದೆಸೆ ತಿರುಗಿದ್ದು ಜಿನೀವಾದ ಸರ್ನ್‌ನಿಂದ. ಕಣಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಡಿಕ್ಕಿ ಹೊಡೆಸುವ ಸಂಸ್ಥೆಗೆ ಪಿಸಿಬಿ ಡ್ರಾಯಿಂಗ್ ಯಾಕೆ ಅಂತೀರಾ? ಅಲ್ಲಿನ ಇಂಜಿನಿಯರುಗಳು ತಮ್ಮ ಎಲೆಕ್ಟ್ರಾನಿಕ್ಸ್ ವಿನ್ಯಾಸಗಳನ್ನು ಜಗತ್ತಿನೊಡನೆ ಹಂಚಿಕೊಳ್ಳಬೇಕು ಅಂತ 2009ರಲ್ಲಿ ಒಂದು ಭಂಡಾರ ತೆರೆದರು. 2011ರಲ್ಲಿ ಅದಕ್ಕೆಂದೇ ಒಂದು ಮುಕ್ತ ಲೈಸೆನ್ಸ್ ಬರೆದರು. ಆಮೇಲೆ ಒಂದು ತೊಡಕು ಎದುರಾಯಿತು. ವಿನ್ಯಾಸ ಎಲ್ಲರಿಗೂ ಮುಕ್ತ, ಆದರೆ ಅದನ್ನು ತೆರೆದು ತಿದ್ದಬೇಕಾದರೆ ದುಬಾರಿ ಪ್ರೋಗ್ರಾಂ ಕೊಳ್ಳಬೇಕು. ಊಟಕ್ಕೆ ಎಲ್ಲರನ್ನೂ ಕರೆದು ಎಲೆ ಮಾತ್ರ ನೀವೇ ತನ್ನಿ, ಅದೂ ಬೆಳ್ಳಿ ಎಲೆಯೇ ಆಗಬೇಕು ಅಂದಂತೆ. ಹಾಗಾಗಿ ಸರ್ನ್ ತನ್ನ ಇಂಜಿನಿಯರುಗಳನ್ನು ಕಿಕ್ಯಾಡ್ ಕೆಲಸಕ್ಕೆ ಹಚ್ಚಿತು. ಒಂದು ಗೆರೆ ಎಳೆಯುವಾಗ ಅಡ್ಡ ಬಂದ ಗೆರೆಗಳನ್ನು ತಾನೇ ಪಕ್ಕಕ್ಕೆ ತಳ್ಳಿಕೊಂಡು ಹೋಗುವ ಸೌಲಭ್ಯ ಬಂದಿದ್ದು ಅವರಿಂದ. 2015ರ ಕಿಕ್ಯಾಡ್ 4, 2018ರ 5, 2021ರ ಕೊನೆಗೆ 6, 2023ರ ಫೆಬ್ರವರಿಯಲ್ಲಿ 7. ಒಂದೊಂದು ಆವೃತ್ತಿಯಲ್ಲೂ ಅದು ನಾನು 2012ರಲ್ಲಿ ಬೈದುಕೊಂಡಿದ್ದ ಪ್ರೋಗ್ರಾಮಿನಿಂದ ದೂರ ದೂರ ಬಂತು.

ವಿನ್ಯಾಸ ಹಂಚಿಕೊಳ್ಳೋ ಆಲೋಚನೆ ನಮ್ಮ ರಾಜ್ಯಕ್ಕೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ನೆನಪಿದೆಯಾ? ಸಾಮಾನ್ಯ ಜನರಿಗಾಗಿ ಅಂಗೈ ಕಂಪ್ಯೂಟರ್. ಅದರ ಹಾರ್ಡ್‌ವೇರ್ ವಿನ್ಯಾಸ ಹಂಚೋಕೆ ಅವರು ಸಿಂಪ್ಯೂಟರಿನ ಹೆಸರಲ್ಲೇ ಒಂದು ಪ್ರತ್ಯೇಕ ಲೈಸೆನ್ಸ್ ಬರೆದಿದ್ದರು, ಸರ್ನ್‌ಗಿಂತ ಹತ್ತು ವರ್ಷ ಮುಂಚೆ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ, ಅದು ಬೇರೆ ಕಥೆ. ಇವತ್ತು ಬಾಂಬೆ ಐಐಟಿಯ ಫಾಸ್ಸಿ ತಂಡ ಕಿಕ್ಯಾಡ್ ಮತ್ತು ಎನ್‌ಜಿಸ್ಪೈಸ್ ಸೇರಿಸಿ ಇಸಿಮ್ ಅನ್ನೋ ಮುಕ್ತ ಪ್ರೋಗ್ರಾಂ ಮಾಡಿದೆ, ಕಾಲೇಜುಗಳಲ್ಲಿ ಕಲಿಸುತ್ತಿದೆ. ಈಗಿನ ವಿದ್ಯಾರ್ಥಿಗೆ ನನ್ನ ಹಾಸ್ಟೆಲಿನ ನೆಪ ಇಲ್ಲ.

*

ಫೋನ್ ಬಂದ ವಾರವೇ ಊರಿಗೆ ಹೋದೆ. 2023ರ ಮಳೆಗಾಲ ಕೈಕೊಟ್ಟಿತ್ತು. ಹಿಂದಿನ ವರ್ಷವಷ್ಟೇ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿದ್ದು ಜನ ಜಾತ್ರೆ ಥರ ನೋಡೋಕೆ ಹೋಗಿದ್ದರು. ಈ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳಿಗೆ ಬರ. ನೀರು ಇಳಿದ ಬೋರಿನಲ್ಲಿ ಮೋಟರು ಸುಮ್ಮನೆ ಸುತ್ತೋ ವರ್ಷ. ಮಾಮನ ಬೋರ್ಡು ಬೇಕಾಗಿದ್ದು ಇಂಥ ವರ್ಷಕ್ಕೇ.

ಅಂಗಡಿಯಲ್ಲಿ ಹೊಸದುರ್ಗದ ಕಡೆಯ ಒಬ್ಬ ರೈತರು ಕೂತಿದ್ದರು. ಅವರ ಬೋರ್ಡಿನ ರಿಲೇ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿತ್ತು. ಬೋರ್ಡು 'ನಿಲ್ಲಿಸು' ಅಂದರೂ ರಿಲೇ ಬಿಡಲಿಲ್ಲ. ಮೋಟರು ಸುಟ್ಟಿದೆ. ನೂರಾರು ಅಡಿ ಆಳದಿಂದ ಪೈಪು ಎತ್ತಿಸಬೇಕು, ವೈಂಡಿಂಗ್ ಕಟ್ಟಿಸಬೇಕು, ಮತ್ತೆ ಇಳಿಸಬೇಕು. "ಅಷ್ಟ್ರಲ್ಲಿ ಸಸಿ ತಡೀತಾವೋ ಇಲ್ವೋ" ಅಂದರು, ನನ್ನನ್ನಲ್ಲ, ಬಾಗಿಲ ಕಡೆ ನೋಡಿಕೊಂಡು. ಮೂವತ್ತು ರೂಪಾಯಿ ಆಸುಪಾಸಿನ ರಿಲೇ. ಎರಡು ತೂತು.

ಮಾಮನ ಮಗ ಅಲ್ಲೀವರೆಗೆ ಹೊಸ ರಿಲೇಯನ್ನು ಬೋರ್ಡಿನ ಮೇಲೆ ತಲೆಕೆಳಗೆ ಅಂಟಿಸಿ, ಕಾಲುಗಳಿಂದ ವೈರ್ ಎಳೆದು ಕೆಲಸ ನಡೆಸಿದ್ದ. ಸ್ಟಾರ್ಟರಿನ 415 ವೋಲ್ಟು ಹರಿಯುವ ಜಾಗದಲ್ಲಿ ಬಿಡಿ ವೈರು. ನೋಡಿ ಮೈ ಜುಮ್ಮಂತು. "ಹಿಂಗೆ ಕೊಡ್ಬೇಡ ಕಣೋ" ಅಂದೆ. "ಮತ್ತೆ ಹೆಂಗೆ ಕೊಡ್ಲಿ ಅಣ್ಣ, ಹೇಳು" ಅಂದ. ಉತ್ತರ ಇರಲಿಲ್ಲ.

ಮರುದಿನ ಏನೂ ತೋಚದೆ ಬೈಕ್ ತಗೊಂಡು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆ. ಶಾಲೆಯ ಟೂರಿನಲ್ಲಿ ನೋಡಿದ್ದ ಅಶೋಕನ ಬಂಡೆಶಾಸನ. ಬಿ.ಎಲ್. ರೈಸ್ ಇದನ್ನು ಪತ್ತೆ ಮಾಡಿದರು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ. ಶತಮಾನಗಳ ಕಾಲ ಇದರ ಪಕ್ಕದಲ್ಲಿ ಕುರಿ ಮೇಯಿಸಿದವರಿಗೆ ಅಕ್ಷರ ಕಾಣುತ್ತಿತ್ತು, ಓದೋಕೆ ಆಗುತ್ತಿರಲಿಲ್ಲ. ಬಂಡೆ ಕೆಟ್ಟಿರಲಿಲ್ಲ. ಲಿಪಿಯ ಬೀಗದ ಕೈ ಕಳೆದುಹೋಗಿತ್ತು. ಕಲ್ಕತ್ತದಲ್ಲಿ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದ್ದು ಊಹೆಯ ಮೇಲೆ. ಸಾಂಚಿಯ ಎಷ್ಟೋ ಪುಟ್ಟ ಶಾಸನಗಳು ಒಂದೇ ಜೋಡಿ ಅಕ್ಷರದಲ್ಲಿ ಮುಗಿಯುತ್ತವೆ, ಅದು 'ದಾನಂ' ಇರಬೇಕು ಅಂತ ಹೊಳೆದು ಅಲ್ಲಿಂದ ಎಳೆ ಬಿಡಿಸಿಕೊಂಡು ಹೋದರು. ಬ್ರಹ್ಮಗಿರಿಯಲ್ಲಿ ಇನ್ನೂ ಒಂದು ತಮಾಷೆ ಇದೆ. ಶಾಸನ ಬರೆದ ಚಪಡ ಕೊನೆಗೆ ತಾನು ಲಿಪಿಕಾರ ಅಂತ ಹೇಳಿಕೊಳ್ಳೋ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ಗಾಂಧಾರದ ಕಡೆಯ, ಬಲದಿಂದ ಎಡಕ್ಕೆ ಬರೆಯೋ ಲಿಪಿ. ಈ ಸೀಮೆಯಲ್ಲಿ ಅದನ್ನು ಓದುವವರು ಅವತ್ತೂ ಎಷ್ಟು ಜನ ಇದ್ದರೋ.

ಅಲ್ಲಿ ನಿಂತಾಗ ನನ್ನ ಸಿಡಿ ನೆನಪಾಯಿತು. ಅಶೋಕನ ಫೈಲು ಎರಡು ಸಾವಿರ ವರ್ಷ ಕಾಯಬಹುದಿತ್ತು. ಹೊಸದುರ್ಗದ ಅಡಿಕೆ ಸಸಿಗೆ ಹತ್ತು ದಿನವೂ ಪುರುಸೊತ್ತಿಲ್ಲ.

*

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮತ್ತೆ ಶುರುವಿಂದ ಬರೆಯೋದು ಅಂತ ತೀರ್ಮಾನ ಆಯಿತು. ಯಾವುದರಲ್ಲಿ ಬರೆಯೋದು? ಈ ಸಲ ಲೆಕ್ಕ ಹಾಕಿಯೇ ಆರಿಸಿದೆ.

ಫ್ರಿಟ್ಜಿಂಗ್ ಇದೆ. ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಕಲಾವಿದರಿಗೆ, ಹೊಸಬರಿಗೆ ಅಂತ ಮಾಡಿದ್ದು. ಬ್ರೆಡ್‌ಬೋರ್ಡಿನ ಚಿತ್ರ ಬರೆಯೋಕೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ 415 ವೋಲ್ಟಿನ ಗೆರೆಗೂ 12 ವೋಲ್ಟಿನ ಗೆರೆಗೂ ನಡುವೆ ಇಷ್ಟು ಅಂತರ ಇರಲೇಬೇಕು ಅಂತ ಕಟ್ಟುನಿಟ್ಟು ಮಾಡಿ ಪರೀಕ್ಷಿಸುವ ಕೆಲಸಕ್ಕೆ ಅದಲ್ಲ. ಈಜಿಇಡಿಎ ಇದೆ. ಬ್ರೌಸರಿನಲ್ಲೇ ಕೆಲಸ, ಬಿಡಿಭಾಗಗಳ ದೊಡ್ಡ ಉಗ್ರಾಣ, ಅಲ್ಲಿಂದಲೇ ಚೀನಾದ ಕಾರ್ಖಾನೆಗೆ ಆರ್ಡರ್. ಒಂದು ಭಾನುವಾರದ ಹವ್ಯಾಸಕ್ಕೆ ಅದು ಸಲೀಸು. ಬಳಸಿದ್ದೇನೆ, ಬಳಸಬೇಡಿ ಅನ್ನಲ್ಲ. ಆದರೆ ಅದು ಉಚಿತ, ಮುಕ್ತ ಅಲ್ಲ. ಆಲ್ಟಿಯಮ್, ಕೇಡೆನ್ಸ್ ಥರದವು ಆಫೀಸಿನ ಹತ್ತು ಹದಿನಾಲ್ಕು ಪದರದ ಬೋರ್ಡಿಗೆ ಸರಿ. ಕಂಪನಿ ದುಡ್ಡು ಕೊಡುತ್ತೆ.

ಕಿಕ್ಯಾಡ್ ಆರಿಸಿದೆ. ಅದರ ಸೌಲಭ್ಯಗಳ ಪಟ್ಟಿ ನೋಡಿ ಅಲ್ಲ. ಅದರ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಆವರಣದೊಳಗೆ ಆವರಣ, ಅದರೊಳಗೆ ಬಿಡಿಭಾಗದ ಹೆಸರು, ಎಲ್ಲಿ ಕೂತಿದೆ, ಎಷ್ಟು ಮಿಲಿಮೀಟರ್, ಯಾವುದಕ್ಕೆ ಸೇರಿದೆ. ಬರೀ ಪಠ್ಯ. ನಾಳೆ ಕಿಕ್ಯಾಡೇ ಇಲ್ಲದೆ ಹೋದರೂ ಕೂತು ಓದಬಹುದು, ಪ್ರಿನ್ಸೆಪ್ ಬರಬೇಕಿಲ್ಲ. ಹಾಗಂತ ಅದರಲ್ಲಿ ತೊಂದರೆ ಇಲ್ಲ ಅಂತಲ್ಲ. ಹೊಸ ಆವೃತ್ತಿಯಲ್ಲಿ ಉಳಿಸಿದ್ದನ್ನು ಹಳೇ ಆವೃತ್ತಿ ತೆರೆಯಲ್ಲ. ಆದರೆ ಹಳೇ ಆವೃತ್ತಿಗಳೂ ಹೊಸವೂ ದುಡ್ಡಿಲ್ಲದೆ, ಲಾಗಿನ್ ಇಲ್ಲದೆ ಸಿಗುತ್ತವೆ. ಈಗಲ್‌ನ 2012ರ ನಂತರದ ಫೈಲುಗಳೂ ಪಠ್ಯವೇ ಆದ್ದರಿಂದ ಕಿಕ್ಯಾಡ್ ಅವನ್ನೂ ಓದುತ್ತೆ. ನಿಮ್ಮ ಹಳೇ ಡಿಸೈನುಗಳು ಅದರಲ್ಲಿದ್ದರೆ ಈ ವಾರಾಂತ್ಯವೇ ತೆರೆದು ಉಳಿಸಿಟ್ಟುಕೊಳ್ಳಿ.

ಬಿಡಿಭಾಗ ಕಿತ್ತ ಒಂದು ಹಳೇ ಬೋರ್ಡನ್ನು ಸ್ಕ್ಯಾನರ್ ಮೇಲಿಟ್ಟು ಎರಡೂ ಬದಿ ಸ್ಕ್ಯಾನ್ ಮಾಡಿದೆ. ಆ ಚಿತ್ರವನ್ನು ಹಿನ್ನೆಲೆಗೆ ಹಾಕಿಕೊಂಡು ಅದರ ಮೇಲೆ ಗೆರೆ ಎಳೆಯೋ ಸೌಲಭ್ಯ ಕಿಕ್ಯಾಡ್ 7ರಲ್ಲಿದೆ. ಮಲ್ಟಿಮೀಟರ್ ಹಿಡಿದು ಒಂದೊಂದು ಗೆರೆ ಎಲ್ಲಿಂದ ಎಲ್ಲಿಗೆ ಅಂತ ಬೀಪ್ ಬೀಪ್ ಮಾಡಿಸುತ್ತಾ ಸರ್ಕ್ಯೂಟನ್ನು ಮತ್ತೆ ಕಂಡುಕೊಂಡೆ. ಒಂದು ರೆಸಿಸ್ಟರ್ ಯಾಕಿದೆ ಅಂತಲೇ ಅರ್ಥ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಹೊಳೆಯಿತು. ಕರೆಂಟ್ ಬಂದ ತಕ್ಷಣ ಬೋರ್ಡು ಗಾಬರಿಯಾಗಿ ಮೋಟರು ನಿಲ್ಲಿಸಬಾರದು ಅಂತ ಮಾಮ ಕೊಟ್ಟಿದ್ದ ಕೆಲವು ಸೆಕೆಂಡಿನ ಸಮಾಧಾನ ಅದು. 2011ರಲ್ಲಿ ನಾನು ಅರ್ಥ ಮಾಡಿಕೊಳ್ಳದೆ ನಕಲು ಮಾಡಿದ್ದೆ. ಈ ಸಲ ನಕ್ಷೆಯಲ್ಲೇ ಅದರ ಪಕ್ಕ ಒಂದು ಸಾಲು ಬರೆದಿಟ್ಟೆ.

ಎರಡು ಶನಿವಾರ, ಎರಡು ಭಾನುವಾರ ಹಿಡಿಯಿತು. ಹೊಸ ರಿಲೇಗೆ ಜಾಗ ಮಾಡೋಕೆ, ಅಂದರೆ ಆ ಎರಡು ತೂತು ಸರಿಸೋಕೆ, ಹಿಡಿದದ್ದು ಹತ್ತು ನಿಮಿಷ.

ಮಾದರಿಗೆ ಅಂತ ಐದು ಬೋರ್ಡು ಬಂದವು. ಒಂದನ್ನು ಹೊಸದುರ್ಗದವರ ಪಂಪ್‌ಮನೆಗೆ ನಾವಿಬ್ಬರೇ ಹೋಗಿ ಹಾಕಿದೆವು. ಅಷ್ಟರಲ್ಲಿ ಅವರ ಒಂದು ಸಾಲು ಸಸಿ ಒಣಗಿಹೋಗಿತ್ತು. ಅವರೇನೂ ಅನ್ನಲಿಲ್ಲ, ಕಾಫಿ ಕೊಟ್ಟರು.

ಹೊಳಲ್ಕೆರೆಗೆ ಬಂದು ಮಾಮನ ಮಗನಿಗೆ ಪೆನ್‌ಡ್ರೈವ್ ಕೊಟ್ಟೆ. ಅದರಲ್ಲಿ ನಕ್ಷೆ, ಕಿಕ್ಯಾಡ್‌ನ ಅದೇ ಆವೃತ್ತಿ, ಗರ್ಬರ್, ಬಿಡಿಭಾಗಗಳ ಪಟ್ಟಿ, ಜೊತೆಗೆ ಕಾಗದದ ಮೇಲೆ ಒಂದು ಪ್ರಿಂಟು. ಕೊಟ್ಟು ಬರಲಿಲ್ಲ. ಅವನ ಕಂಪ್ಯೂಟರಿನಲ್ಲೇ ಹಾಕಿಸಿ, ಅವನ ಕೈಯಲ್ಲೇ ಫೈಲು ತೆರೆಸಿ, ಒಂದು ತೂತು ಸರಿಸಿ ವಾಪಸ್ ಇಡಿಸಿ, ಆಮೇಲೆ ಎದ್ದೆ. ಡಿಪ್ಲೊಮಾ ಓದಿದವನು, ಒಂದೂವರೆ ಗಂಟೆಯಲ್ಲಿ ಕೈ ಕುದುರಿತು.

ಹೋದ ವರ್ಷ ಮತ್ತೆ ಫೋನ್ ಬಂತು. ಈ ಸಲ ಒಂದೇ ಮಿಸ್ಡ್ ಕಾಲ್. "ಅಣ್ಣಾ, ಆ ಕೆಪಾಸಿಟರು ದಪ್ಪಂದೇ ಸಿಗೋದು ಈಗ. ಜಾಗ ಸ್ವಲ್ಪ ಅಗಲ ಮಾಡ್ದೆ. ಮೂವತ್ತು ಬೋರ್ಡಿಗೆ ಆರ್ಡರ್ ಕೊಟ್ಟಾಗೈತೆ. ಸುಮ್ನೆ ಹೇಳಾಣ ಅಂತ ಮಾಡ್ದೆ."

ನನ್ನನ್ನು ಕೇಳಲೇ ಇಲ್ಲ. ಮೀಟಿಂಗ್ ರೂಮಿನ ಹೊರಗೆ ನಿಂತು ಫೋನ್ ಜೇಬಿಗೆ ಹಾಕಿಕೊಂಡೆ. ಮಾಮ ಕೇಳಿದ್ದ ಕಾಪಿ ಹನ್ನೆರಡು ವರ್ಷ ತಡವಾಗಿಯಾದರೂ ತಲುಪಿತ್ತು.